ಮನೆಗೊಯ್ಯುವ ಪೇಂಟಿಂಗು

ನನ್ನ ಬೆಂಗಳೂರಿನ ಮನೆಯಲ್ಲಿ ವಾರ್ಡ್‌ರೋಬಿನ ಹಿಂದೆ ಹನ್ನೊಂದು ಕ್ಯಾನ್ವಾಸುಗಳಿವೆ. ಒಂದರಲ್ಲಿ ಸಮುದ್ರದ ಸೂರ್ಯಾಸ್ತ, ಒಂದರಲ್ಲಿ ಬುದ್ಧನ ಅರ್ಧ ಮುಖ, ಒಂದರಲ್ಲಿ ಲ್ಯಾವೆಂಡರ್ ತೋಟ. (ಲ್ಯಾವೆಂಡರ್ ತೋಟವನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ.) ಹನ್ನೊಂದೂ ಪೂರ್ತಿಯಾಗಿವೆ, ಹನ್ನೊಂದರ ಕೆಳಗೂ ನನ್ನ ಸಹಿ ಇದೆ. ಮೂರು ವರ್ಷದಲ್ಲಿ ಹನ್ನೊಂದು ವೀಕೆಂಡ್ ವರ್ಕ್‌ಶಾಪು. ಒಂದೊಂದಕ್ಕೆ ಸಾವಿರದೈನೂರರಿಂದ ಎರಡೂವರೆ ಸಾವಿರ. ಒಮ್ಮೆ ಕೂಡಿಸಲು ಹೋಗಿ ಗಾಬರಿಯಾಗಿ ಅರ್ಧಕ್ಕೇ ಬಿಟ್ಟೆ.

ಇವುಗಳಲ್ಲಿ ಒಂದನ್ನೂ ನಾನು ಬರೆದಿಲ್ಲ ಅಂತ ಗೊತ್ತಾಗಿದ್ದು ಬಾಬುರಾಯನಕೊಪ್ಪಲಿನಲ್ಲಿ.

ಶ್ರೀರಂಗಪಟ್ಟಣದ ಪಕ್ಕದ ಊರು ಅದು, ನಮ್ಮ ದೊಡ್ಡಪ್ಪನದು. ದೊಡ್ಡಪ್ಪ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಊರ ಹತ್ತಿರದ ಒಂದು ಆಲೆಮನೆಯಲ್ಲಿ ಪಾಕ ನೋಡುವ ಕೆಲಸ ಮಾಡಿದವರು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಯಲ್ಲಿ ಬೆಲ್ಲವಾಗುತ್ತೆ ಅಂತ ಹೇಳುವವರು ಅವರೇ. ಒಂದೆರಡು ನಿಮಿಷ ಮುಂಚೆ ಇಳಿಸಿದರೆ ಬೆಲ್ಲ ಗಟ್ಟಿಯಾಗಲ್ಲ, ತಡವಾದರೆ ಸೀದುಹೋಗುತ್ತೆ. ಥರ್ಮಾಮೀಟರ್ ಇಲ್ಲ, ಟೈಮರ್ ಇಲ್ಲ. ನೊರೆ ನೋಡಬೇಕು, ಶಬ್ದ ಕೇಳಬೇಕು, ಅನುಮಾನ ಬಂದರೆ ಒಂಚೂರು ಪಾಕ ತೆಗೆದು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡಬೇಕು. ಆ ವರ್ಷ ಆಲೆಮನೆಯ ಯಜಮಾನರು ಮುಂದಿನ ಸಲದಿಂದ ನಡೆಸಲ್ಲ ಅಂತ ಹೇಳಿಬಿಟ್ಟಿದ್ದರು. ಆ ಜಾಗ ಸೈಟ್ ಆಗುತ್ತೆ ಅಂತ ಸುದ್ದಿ. ಸಂಜೆ ಜಗುಲಿ ಮೇಲೆ ಕೂತು ಕಾಫಿ ಕುಡಿಯುವಾಗ ದೊಡ್ಡಪ್ಪ ಅಂದರು: “ಲೋ ಮಗ, ಬೆಂಗ್ಳೂರಲ್ಲಿ ದುಡ್ ಕೊಟ್ಟು ಚಿತ್ರ ಬರಿಯೋದು ಕಲ್ತಿದ್ದೀಯಂತಲ್ಲ. ನಮ್ ಆಲೆಮನೇದೊಂದು ಬರ್ಕೊಡು. ಗೋಡೆ ಮೇಲೆ ಹಾಕ್ಕೊತೀನಿ.”

ಮಾರನೇ ದಿನ ಬೆಳಗ್ಗೆ ಸ್ಕೆಚ್ ಪುಸ್ತಕ ಹಿಡಿದು ಹೋದೆ. ಒಂದು ಕಡೆ ಗಾಣ, ಒಂದು ಕಡೆ ಒಲೆ, ಒಣಸಿಪ್ಪೆಯ ರಾಶಿ, ಕೊಪ್ಪರಿಗೆಯಿಂದ ಏಳುವ ಹಬೆ, ಆ ಹಬೆಯೊಳಗೆ ಅರ್ಧ ಮಾತ್ರ ಕಾಣುವ ಮನುಷ್ಯ. ಮೂರು ಗಂಟೆ ಕೂತೆ. ದುಂಡಗಿನ ಕೊಪ್ಪರಿಗೆ ನನ್ನ ಪುಸ್ತಕದಲ್ಲಿ ದೋಸೆಯಾಯಿತು. ಬಗ್ಗಿ ನಿಂತ ಮನುಷ್ಯನಿಗೆ ಸೊಂಟವೇ ಇರಲಿಲ್ಲ. ಹಬೆಯನ್ನು ಹೇಗೆ ಬರೆಯೋದು ಅನ್ನೋದಂತೂ ಹನ್ನೊಂದು ವರ್ಕ್‌ಶಾಪಿನಲ್ಲಿ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. “ಫೋಟೋ ತಗೊಂಡಿದ್ದೀನಿ ದೊಡ್ಡಪ್ಪ, ಬೆಂಗ್ಳೂರಲ್ಲಿ ಬರ್ದು ತರ್ತೀನಿ” ಅಂತ ಸುಳ್ಳು ಹೇಳಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಸಿಟ್ಟು ಬಂತು. ಮೊದಲು ನನ್ನ ಮೇಲೆ. ಮದ್ದೂರು ದಾಟುವ ಹೊತ್ತಿಗೆ ವರ್ಕ್‌ಶಾಪುಗಳ ಮೇಲೆ.

ಅಲ್ಲಿ ಏನು ನಡೆಯುತ್ತೆ ನೆನಪು ಮಾಡಿಕೊಳ್ಳಿ. ಕೆಫೆಯೊಂದರಲ್ಲಿ ಉದ್ದ ಟೇಬಲ್ಲು, ಏಪ್ರನ್ನು, ಎಲ್ಲರ ಮುಂದೆ ಒಂದೇ ಅಳತೆಯ ಕ್ಯಾನ್ವಾಸು. ಅದರ ಮೇಲೆ ಔಟ್‌ಲೈನು ಮೊದಲೇ ಹಾಕಿರುತ್ತೆ, ಬಣ್ಣ ಕಲಸಿ ಬಟ್ಟಲಲ್ಲಿ ಇಟ್ಟಿರುತ್ತಾರೆ. ಅಂದರೆ ಚಿತ್ರಕಲೆಯ ಕಷ್ಟದ ಎರಡು ಭಾಗ ನಾವು ಬರುವ ಮುಂಚೆಯೇ ಮುಗಿದಿದೆ: ಎಲ್ಲಿ ಏನನ್ನು ಇಡಬೇಕು ಅನ್ನೋದು, ಯಾವ ಬಣ್ಣದ ಪಕ್ಕ ಯಾವ ಬಣ್ಣ ನಿಲ್ಲುತ್ತೆ ಅನ್ನೋದು. ಉಳಿದದ್ದು ತುಂಬುವ ಕೆಲಸ. ಅದರಲ್ಲೂ ಎಡವಿದರೆ ಕಲಿಸುವವರು ನಗುತ್ತಾ ಬಂದು “ಒಂದ್ ನಿಮಿಷ” ಅಂತ ನಮ್ಮ ಬ್ರಶ್ಶು ತೆಗೆದುಕೊಂಡು ನಾಲ್ಕು ಗೀಟಿನಲ್ಲಿ ಸರಿ ಮಾಡುತ್ತಾರೆ. ನನ್ನ ಸೂರ್ಯಾಸ್ತದಲ್ಲಿ ಚೆನ್ನಾಗಿರುವುದು ನೀರಿನ ಮೇಲಿನ ಬೆಳಕು ಒಂದೇ. ಅದು ಅವರು ಮಾಡಿದ್ದು. ಆ ಗೀಟು ಹಾಕುವಾಗ ಅವರ ಮಣಿಕಟ್ಟು ಹೇಗೆ ತಿರುಗಿತು ಅಂತ ನೋಡಿದ್ದರೂ ಏನೋ ಕಲಿಯುತ್ತಿದ್ದೆ. ನಾನು ಆಗ ಮೊಬೈಲಿನಲ್ಲಿ ಸ್ಟೋರಿ ಹಾಕುತ್ತಿದ್ದೆ.

ಕಲಿಸುವವರನ್ನು ಬೈಯಲು ಮನಸ್ಸಿಲ್ಲ. ಅವರಲ್ಲಿ ಹೆಚ್ಚಿನವರು ಕಲಾಶಾಲೆಯಲ್ಲಿ ವರ್ಷಗಟ್ಟಲೆ ಓದಿ ಬಂದವರು. ಸ್ವಂತ ಚಿತ್ರ ಮಾರಾಟವಾಗದ ತಿಂಗಳಲ್ಲಿ ಬಾಡಿಗೆ ಕಟ್ಟಬೇಕು. ಎರಡು ದಿನ ಬರೀ ಗೆರೆ ಎಳೆಸಿ ಕಳಿಸುತ್ತೇನೆ ಅಂದರೆ ನಾವು ಬರುತ್ತೀವಾ? ಖಂಡಿತ ಬರಲ್ಲ. ನಮಗೆ ಆಫೀಸಿನ ಚಾಳಿ. ಶನಿವಾರ ಕೊಟ್ಟ ನಾಲ್ಕು ಗಂಟೆಗೆ ಡೆಲಿವರಬಲ್ ಬೇಕು. ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳುವಂಥದ್ದು ಬೇಕು, ಆದರೆ ಒಂದು ಸರ್ಟಿಫಿಕೇಟೂ ಬೇಕು.

“ಇಷ್ಟೊಂದು ತಲೆ ಕೆಡಿಸ್ಕೋಬೇಡ, ಅದು ರಿಲ್ಯಾಕ್ಸ್ ಆಗೋಕೆ” ಅಂತ ಗೆಳತಿಯೊಬ್ಬಳು ಅಂದಳು. ಸರಿ. ರಿಲ್ಯಾಕ್ಸ್ ಆಗಲು ಹೋಗುವವರ ಜೊತೆ ನನಗೆ ಜಗಳವಿಲ್ಲ, ಬೌಲಿಂಗ್ ಆಡಲು ಹೋಗುವವರ ಜೊತೆಗೂ ಇಲ್ಲ. ಆದರೆ ಪೋಸ್ಟರಿನಲ್ಲಿ ‘ನಿಮ್ಮೊಳಗಿನ ಕಲಾವಿದರನ್ನು ಹೊರತನ್ನಿ’ ಅಂತ ಬರೆದಿರುತ್ತಲ್ಲ, ಅದಕ್ಕೆ ನನ್ನ ತಕರಾರು. ಅಲ್ಲಿಗೆ ಹೋಗುವವರಲ್ಲಿ ಒಂದಷ್ಟು ಜನ ಚಿಕ್ಕಂದಿನಲ್ಲಿ ಚಿತ್ರ ಬರೆಯುತ್ತಿದ್ದು, ಎಸ್ಸೆಸ್ಸೆಲ್ಸಿ ಬಂತು ಅಂತ ಬಿಟ್ಟವರು. ನಿಜವಾಗಿಯೂ ಕಲಿಯುವ ಆಸೆಯಿಂದ ಬಂದಿರುತ್ತಾರೆ. ಅವರಿಗೆ ಸಿಗುವುದು ಕಲಿತೆ ಅನ್ನುವ ಭ್ರಮೆ ಮಾತ್ರ, ಮತ್ತು ಆ ಭ್ರಮೆ ಇರುವವರೆಗೆ ಅವರು ಮನೆಯಲ್ಲಿ ಪೆನ್ಸಿಲ್ ಹಿಡಿಯುವುದಿಲ್ಲ. ನಾನು ಮೂರು ವರ್ಷ ಹಿಡಿಯಲಿಲ್ಲ. ಒಂದು ವರ್ಕ್‌ಶಾಪಿಗೂ ಇನ್ನೊಂದಕ್ಕೂ ನಡುವೆ ನಾನು ಬರೆದ ಗೆರೆಗಳ ಸಂಖ್ಯೆ ಸೊನ್ನೆ.

ನಂತರದ ತಿಂಗಳು ಊರಿಗೆ ಹೋದಾಗ ಆಲೆಮನೆಗೆ ಹೋಗುವ ಧೈರ್ಯವಾಗಲಿಲ್ಲ. ಗಂಜಾಮಿನ ಕಡೆ ದರಿಯಾ ದೌಲತ್ ಬಾಗಿಗೆ ಹೋದೆ. ಸ್ಕೂಲ್ ಟೂರಿನಲ್ಲಿ ನೀವೂ ಸಾಲಾಗಿ ನಿಂತು ನೋಡಿ ಬಂದಿರುತ್ತೀರಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ ಇದೆ, ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಯ್ಲಿಯ ಪಡೆಯನ್ನು ಸೋಲಿಸಿದ್ದು. ಕಂಪನಿಯ ಸೈನಿಕರು ಚೌಕಾಕಾರವಾಗಿ ಸುತ್ತುಗಟ್ಟಿದ್ದಾರೆ, ಮಧ್ಯದಲ್ಲಿ ಪಲ್ಲಕ್ಕಿಯಲ್ಲಿ ಬೇಯ್ಲಿ ಬಾಯಿಗೆ ಬೆರಳಿಟ್ಟು ಕೂತಿದ್ದಾನೆ, ಮದ್ದಿನ ಬಂಡಿ ಸಿಡಿಯುತ್ತಿದೆ. ಈ ಚಿತ್ರಗಳು ಒಂದೇ ಸಲಕ್ಕೆ ಆದವಲ್ಲ. ಟಿಪ್ಪು ಸತ್ತ ಮೇಲೆ ಅಲ್ಲಿ ವಾಸವಿದ್ದ ವೆಲ್ಲೆಸ್ಲಿ ಸರಿ ಮಾಡಿಸಿದ, ಆಮೇಲೆ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಸಿದರು. ಹಾಗಾಗಿ ಯಾವ ಗೆರೆ ಯಾರ ಕೈಯದು ಅಂತ ನಮ್ಮಂಥವರಿಗೆ ಹೇಳಲಾಗದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇಯ್ಲಿ ಅಲ್ಲ, ಕುದುರೆಗಳು. ಸಾಲು ಸಾಲು ಕುದುರೆ, ಒಂದರ ಹಿಂದೆ ಒಂದು, ಒಂದೇ ಕತ್ತಿನ ಬಾಗು. ದೂರದಿಂದ ಅಚ್ಚು ಒತ್ತಿದ ಹಾಗೆ. ಹತ್ತಿರ ಹೋದರೆ ಒಂದೊಂದರ ಕತ್ತೂ ಕೂದಲೆಳೆಯಷ್ಟು ಬೇರೆ. ಇಷ್ಟನ್ನು ಬರೆದವರು ಯಾರೇ ಇರಲಿ, ಕೊನೆಯ ಕುದುರೆಗೆ ಬರುವ ಹೊತ್ತಿಗೆ ಯೋಚನೆ ಮಾಡುತ್ತಿರಲಿಕ್ಕಿಲ್ಲ, ಕೈಯೇ ಬರೆದಿರಬೇಕು. ನಾನು ಒಂದು ಕುದುರೆಯ ಕತ್ತನ್ನು ಪುಸ್ತಕಕ್ಕೆ ಇಳಿಸಿದೆ. ಒಂಟೆಯಾಯಿತು. ಮತ್ತೆ ಬರೆದೆ. ಟೂರಿಗೆ ಬಂದ ಹುಡುಗನೊಬ್ಬ ಬಗ್ಗಿ ನೋಡಿ “ಅಂಕಲ್, ಇದು ಕತ್ತೆನಾ?” ಅಂದ. ಅವತ್ತು ಇಪ್ಪತ್ತಾರು ಸಲ ಬರೆದೆ. ಇಪ್ಪತ್ತಾರನೆಯದು ಕುದುರೆ. ಮೂರು ವರ್ಷದಲ್ಲಿ ನಾನು ಬರೆದ ಮೊದಲ ಚಿತ್ರ ಅದು ಅಂತ ಈಗಲೂ ನಂಬಿದ್ದೇನೆ.

ನಮ್ಮವರೇ ಕೆಲವರ ಬದುಕು ನೋಡಿದರೆ ಕಲಿಕೆ ಎಷ್ಟು ಸುತ್ತಿ ಬಳಸಿ ಬರುತ್ತೆ ಅನ್ನೋದು ಕಾಣುತ್ತೆ. ಕೆ. ವೆಂಕಟಪ್ಪ ಮೈಸೂರು ಅರಮನೆಯ ಚಿತ್ರಗಾರರ ಮನೆತನದಲ್ಲೇ ಹುಟ್ಟಿದವರು. ಅದು ಸಾಲದು ಅಂತ ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತರು, ವಾಪಸು ಬಂದು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಊಟಿಯ ಬೆಟ್ಟಗಳನ್ನು ಬರೆದ ಅವರ ಜಲವರ್ಣಗಳ ಮುಂದೆ ಹತ್ತು ನಿಮಿಷ ನಿಂತು ನೋಡಿ, ಮಂಜನ್ನು ಬರೆಯಲು ಎಷ್ಟು ಕಡಿಮೆ ಬಣ್ಣ ಸಾಕು ಅಂತ ಗೊತ್ತಾಗುತ್ತೆ. (ನನ್ನ ಆಲೆಮನೆಯ ಹಬೆಗೆ ಸುಳಿವು ಸಿಕ್ಕಿದ್ದು ಅಲ್ಲೇ: ಹಬೆಯನ್ನು ಬರೆಯಬಾರದು, ಅದರ ಸುತ್ತಲಿನ ಕತ್ತಲನ್ನು ಬರೆಯಬೇಕು.) ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಸ್ಕೂಲಿನಲ್ಲಿ ಓದಿ, ಪ್ಯಾರಿಸ್ಸಿಗೆ ಹೋಗಿ ಬಂದವರು. ಲಯ ಅರ್ಥವಾಗಬೇಕು ಅಂತ ಕಥಕ್ ಕಲಿತರು. ಅವರ ರೇಖಾಚಿತ್ರದ ನರ್ತಕಿಯರಲ್ಲಿ ಗೆರೆ ಎಲ್ಲೂ ತಡವರಿಸದೆ ಓಡುತ್ತಲ್ಲ, ಅದರ ಹಿಂದೆ ಹೆಜ್ಜೆ ಹಾಕಿ ನೋಡಿದ ಕಾಲುಗಳಿವೆ.

ನನಗೆ ಇನ್ನೂ ಇಷ್ಟವಾಗುವುದು ಎಂ.ಟಿ.ವಿ. ಆಚಾರ್ಯರ ಕತೆ. ‘ಚಂದಮಾಮ’ದಲ್ಲಿ ಚಿತ್ರ ಬರೆಯುತ್ತಿದ್ದ ಅವರು ಆಮೇಲೆ ಅಂಚೆ ಮೂಲಕ ಚಿತ್ರಕಲೆ ಕಲಿಸಿದರು. ಅಂಚೆಯಲ್ಲಿ! ಯೋಚಿಸಿ ನೋಡಿ: ಅಂಚೆಯಲ್ಲಿ ಗುರುವಿನ ಕೈ ಬರುವುದಿಲ್ಲ. ನಿಮ್ಮ ಬ್ರಶ್ಶು ಕಿತ್ತುಕೊಂಡು ಬೆಳಕು ಹಾಕಿಕೊಡಲು ಯಾರೂ ಇರುವುದಿಲ್ಲ. ಕೆಟ್ಟ ಚಿತ್ರ ಕೆಟ್ಟದಾಗಿಯೇ ಮೇಜಿನ ಮೇಲೆ ಉಳಿಯುತ್ತೆ, ನೀವೇ ಮತ್ತೆ ಬರೆಯಬೇಕು. ಎಲ್ಲ ಸಲಕರಣೆ, ಎಲ್ಲ ವೀಡಿಯೋ ಇರುವ ನಮಗೆ ಅಂಥ ಒಂಟಿತನ ಸಿಗುವುದೇ ಕಷ್ಟ.

ಇನ್ನು ‘ಎಕ್ಸ್‌ಪೆರಿಮೆಂಟ್’ ಅನ್ನುವ ಪದ. ಬಣ್ಣ ಸುರಿದು ಕ್ಯಾನ್ವಾಸು ಓಲಾಡಿಸಿದರೆ ಎಕ್ಸ್‌ಪೆರಿಮೆಂಟ್, ಟೆಕ್ಸ್ಚರ್ ಪೇಸ್ಟು ಮೆತ್ತಿದರೆ ಎಕ್ಸ್‌ಪೆರಿಮೆಂಟ್. ಎರಡನೇ ಕ್ಲಾಸಿನಲ್ಲೇ ‘ನಿಮ್ಮ ಸ್ಟೈಲ್ ಕಂಡುಕೊಳ್ಳಿ’ ಅನ್ನುವ ಉಪದೇಶ ಬೇರೆ. ಸಾಫ್ಟ್‌ವೇರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಂದನ್ನು ಬದಲಿಸಿ ಉಳಿದದ್ದನ್ನು ಹಾಗೇ ಇಟ್ಟರೆ ತಾನೆ ಏನಾಯಿತು ಅಂತ ಗೊತ್ತಾಗೋದು? ಹತ್ತನ್ನೂ ಒಟ್ಟಿಗೆ ಬದಲಿಸಿ ಚೆಂದ ಬಂತು ಅಂತ ಖುಷಿಪಟ್ಟರೆ ಅದು ಲಾಟರಿ.

ನಾನು ಒಂದು ಮಾಡಿದೆ. ಮೈಸೂರು ಶೈಲಿಯ ಹಳೆಯ ಚಿತ್ರಕಾರರು ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡಿಕೊಂಡು ಅದರಲ್ಲೇ ಮೊದಲ ಗೆರೆ ಹಾಕುತ್ತಿದ್ದರು. ದೊಡ್ಡಪ್ಪನ ಹಿತ್ತಲಿನ ಹುಣಸೆ ಮರದಿಂದ ಕಡ್ಡಿ ಮುರಿದು ಒಲೆಗೆ ಹಾಕಿದೆ, ಬೂದಿಯಾಯಿತು. ಗಾಳಿ ಆಡಬಾರದು ಅಂತ ಆಮೇಲೆ ತಲೆಗೆ ಹೋಯಿತು. ಹಳೇ ತಗಡಿನ ಡಬ್ಬಿಯಲ್ಲಿ ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ಒಂದು ತೂತು ಮಾಡಿ, ಕೆಂಡದ ಮೇಲಿಟ್ಟೆ. ತೂತಿನಿಂದ ಹೊಗೆ ನಿಂತ ಮೇಲೆ ತೆಗೆದು ಆರಲು ಬಿಟ್ಟರೆ ಕಪ್ಪಗೆ ಸದ್ದು ಮಾಡುವ ಕಡ್ಡಿ. ಮತ್ತೆ ಅದೇ ಕೊಪ್ಪರಿಗೆ, ಅದೇ ಮೂಲೆ, ಕಾಗದವೂ ಅದೇ. ಬದಲಾಗಿದ್ದು ಕೈಯಲ್ಲಿದ್ದ ಕಡ್ಡಿ ಒಂದೇ. ಪೆನ್ಸಿಲಿನಲ್ಲಿ ನಾನು ಅಂಚುಗಳನ್ನೇ ಹುಡುಕುತ್ತಿದ್ದೆ, ಇದ್ದಿಲಿನಲ್ಲಿ ಅಂಚು ಸಿಗುವುದೇ ಇಲ್ಲ, ಬೆರಳಲ್ಲಿ ಒರೆಸಿದರೆ ಕತ್ತಲು ಸಿಗುತ್ತೆ. ಹೊಗೆ ಹಿಡಿದ ಗೋಡೆ ತಾನಾಗಿ ಬಂತು. ಅದರ ಮುಂದೆ ಖಾಲಿ ಬಿಟ್ಟ ಕಾಗದ ಹಬೆಯಾಯಿತು.

ಆ ನಡುವೆ ಒಂದು ವರ್ಕ್‌ಶಾಪಿಗೂ ಹೋಗಿದ್ದೆ, ಹನ್ನೆರಡನೆಯದು. ವಯಸ್ಸಾದ ಒಬ್ಬ ಚಿತ್ರಕಾರರು ಎರಡು ದಿನ ಬರೀ ಕೈ ಬೆರಳುಗಳನ್ನು ಬರೆಸಿದರು. ಮೊದಲ ದಿನ ಹದಿನಾಲ್ಕು ಜನ ಇದ್ದೆವು, ಮಾರನೇ ದಿನ ಆರು. ಅವರು ಯಾರ ಕಾಗದವನ್ನೂ ಮುಟ್ಟಲಿಲ್ಲ. ಪಕ್ಕದಲ್ಲಿ ಕೂತು “ಇಲ್ಲಿ ನೋಡಿ ಬರೆದ್ರಾ, ಊಹೆ ಮಾಡಿ ಬರೆದ್ರಾ?” ಅಂತ ಕೇಳಿ ಎದ್ದು ಹೋಗುತ್ತಿದ್ದರು. ಮನೆಗೆ ತರಲು ಏನೂ ಇರಲಿಲ್ಲ. ಆರು ತಿಂಗಳಿಗೆ ಸಾಕಾಗುವಷ್ಟು ಹೋಮ್‌ವರ್ಕ್ ಮಾತ್ರ ತಂದೆ. ಸಂಘಟಿಸುವವರಿಗೆ ನನ್ನ ಕೋರಿಕೆ ಇಷ್ಟೇ: ಇಂಥದ್ದನ್ನೂ ತಿಂಗಳಿಗೊಂದಾದರೂ ಇಡಿ. ಫೀಸು ಬೇಕಾದರೆ ಜಾಸ್ತಿ ತಗೊಳ್ಳಿ. ಹೋಗುವವರಿಗೂ ಒಂದು ಮಾತು: ಕ್ಯಾನ್ವಾಸು ಒಳಗೊಂಡಿದೆ ಅಂತ ಹಾಕಿದ್ದರೆ, ಔಟ್‌ಲೈನ್ ಯಾರು ಹಾಕುತ್ತಾರೆ ಅಂತ ಮೊದಲೇ ಕೇಳಿ.

ಆಲೆಮನೆ ನಿಂತುಹೋಯಿತು. ಕೊನೆಯ ಕೊಪ್ಪರಿಗೆ ಇಳಿಸಿದ ದಿನ ನಾನು ಅಲ್ಲಿರಲಿಲ್ಲ, ರಿಲೀಸ್ ಇತ್ತು. ನಲವತ್ತೋ ಐವತ್ತೋ ಹಾಳೆ ಆದ ಮೇಲೆ ಒಂದು ಪರವಾಗಿಲ್ಲ ಅನ್ನಿಸಿ, ಫ್ರೇಮ್ ಹಾಕಿಸದೆ ಹಾಗೇ ಸುರುಳಿ ಸುತ್ತಿಕೊಂಡು ಬಾಬುರಾಯನಕೊಪ್ಪಲಿಗೆ ಹೋದೆ. ದೊಡ್ಡಪ್ಪ ಕನ್ನಡಕ ಹುಡುಕಿ ಹಾಕಿಕೊಂಡು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಹಬೆ ಬಂದೈತೆ” ಅಂದರು. ನನಗೆ ಕಣ್ಣು ತುಂಬಿತು. ಆಮೇಲೆ ಕೊಪ್ಪರಿಗೆಯ ಮೇಲೆ ಬೆರಳಿಟ್ಟರು. “ಆದ್ರೆ ಈ ನೊರೆ ಶುರೂಗ್ ಬರೋದು ಕಣ್ಲಾ. ಕೊಳೆ ಎತ್ತಿ ಆಚ್ಗಾಕೋ ಟೈಮ್ದು. ಆವಾಗ ನಾನ್ಯಾಕೆ ಹಿಂಗೆ ಬಗ್ಗಿ ನಿಂತ್ಕತೀನಿ? ಬಗ್ಗಿ ನೋಡೋದು ಹದ ಬರೋವಾಗ. ಆವಾಗ ನೊರೆ ಇರಲ್ಲ, ಗುಳ್ಳೆ ಸಣ್ಣ ಆಗಿ ಪಟ್ ಪಟ್ ಅಂತದೆ.”

ಪಾಂಡವಪುರದ ಕಡೆ ಇನ್ನೊಂದು ಆಲೆಮನೆ ನಡೀತಿದೆಯಂತೆ. ಭಾನುವಾರ ಬೆಳಗ್ಗೆ ಆರಕ್ಕೆ ಹೊರಡೋಣ ಅಂದಿದ್ದಾರೆ. ಡಬ್ಬಿಯಲ್ಲಿ ಕಡ್ಡಿ ಕಮ್ಮಿ ಇವೆ, ಇವತ್ತೇ ಸುಡಬೇಕು.