ಏಕೀಕರಣದ ಉಳಿದ ಕೆಲಸ

ಧ್ಯೇಯವನ್ನು ಸಾರುವದು ಸುಲಭ, ಅದರಂತೆ ನಡೆಯುವದು ಕಷ್ಟ ಎಂಬ ಮಾತನ್ನು ಕೇಳದವರಿಲ್ಲ. ಆದರೆ ಆ ಕಷ್ಟವು ಎಲ್ಲಿಂದ ಹುಟ್ಟುತ್ತದೆಂಬುದನ್ನು ವಿಚಾರಿಸಿ ನೋಡುವವರು ವಿರಳ. ಧ್ಯೇಯಕ್ಕೆ ಎದುರಾಳಿಗಳಿರುವದೇ ಕಷ್ಟಕ್ಕೆ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ನಮ್ಮ ಅಭಿಪ್ರಾಯವು ಬೇರೆ. ಎದುರಾಳಿಗಳು ಇರುವವರೆಗೆ ಧ್ಯೇಯವು ಬಲವಾಗಿಯೇ ಇರುತ್ತದೆ. ಅದು ಗೆದ್ದ ಮರುದಿನವೇ ಅದರ ನಿಜವಾದ ಪರೀಕ್ಷೆಯು ಆರಂಭವಾಗುತ್ತದೆ. ಏಕೆಂದರೆ, ಅಂದಿನಿಂದ ಧ್ಯೇಯವು ಪರರಿಂದ ಬೇಡುವದನ್ನು ಬಿಟ್ಟು ತನ್ನ ಭಕ್ತರಿಂದಲೇ ಬೇಡತೊಡಗುತ್ತದೆ. ಕನ್ನಡನಾಡಿನ ಏಕೀಕರಣವು ಇದಕ್ಕೆ ಕಣ್ಣೆದುರಿನ ನಿದರ್ಶನವಾಗಿದೆ.

ಈ ಧ್ಯೇಯವು ಒಂದೇ ದಿನ ಹುಟ್ಟಿದುದಲ್ಲ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾದಾಗ, ಬಾಡುತ್ತಿದ್ದ ಕನ್ನಡವನ್ನು ಬದುಕಿಸುವದೇ ಹಿರಿಯರ ಮುಖ್ಯ ಚಿಂತೆಯಾಗಿತ್ತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. 1917ರಲ್ಲಿ ಆಲೂರ ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ, ಮರೆತುಹೋದ ನಾಡನ್ನು ಮತ್ತೆ ಕನ್ನಡಿಗರ ನೆನಪಿಗೆ ತಂದರು. 1920ರ ನಾಗಪುರ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳ ತತ್ವವನ್ನು ತನ್ನ ಸಂಘಟನೆಯಲ್ಲಿ ಅಳವಡಿಸಿಕೊಂಡಿತು. 1924ರಲ್ಲಿ ಮಹಾತ್ಮರು ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದಾಗ, ಅದೇ ಊರಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಏಕೀಕರಣ ಪರಿಷತ್ತೂ ನೆರೆಯಿತು. 1928ರ ಮೋತೀಲಾಲ ನೆಹರೂ ವರದಿಯು ಕರ್ನಾಟಕ ಪ್ರಾಂತದ ಬೇಡಿಕೆಯನ್ನು ಎತ್ತಿಹಿಡಿಯಿತು. ಇಷ್ಟಾದ ಮೇಲೆ ಸ್ವರಾಜ್ಯವೊಂದು ಬಂದರೆ ಕನ್ನಡನಾಡು ತಾನಾಗಿಯೇ ಬಂದೀತೆಂದು ಜನರು ನಂಬಿದುದರಲ್ಲಿ ಆಶ್ಚರ್ಯವೇನು?

ಆದರೆ ಸ್ವರಾಜ್ಯವು ಬಂದ ಮರುವರುಷವೇ, ಎಂದರೆ 1948ರಲ್ಲಿ, ಧರ್ ಆಯೋಗವು ಭಾಷಾವಾರು ಪ್ರಾಂತಗಳು ಬೇಡವೆಂದಿತು. 1949ರಲ್ಲಿ ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿ ಈ ಮೂವರ ಸಮಿತಿಯು ವಿಷಯವನ್ನು ಮುಂದೂಡಬೇಕೆಂದಿತು. ಮಾತು ಕೊಟ್ಟ ಸಂಸ್ಥೆಯೇ ಮಾತಿಗೆ ಹಿಂಜರಿಯಿತು. ಇದನ್ನು ದ್ರೋಹವೆಂದು ನಾವು ಕರೆಯಲಾರೆವು. ದೇಶವು ಇಬ್ಭಾಗವಾಗಿ ರಕ್ತ ಹರಿದ ದಿನಗಳವು. ಸಂಸ್ಥಾನಗಳನ್ನು ಕೂಡಿಸುವ ಕೆಲಸವು ಆಗಷ್ಟೇ ನಡೆದಿತ್ತು. ಅಧಿಕಾರದ ಹೊರಗಿದ್ದಾಗ ನಿರ್ಮಲವಾಗಿ ಕಾಣುವ ತತ್ವವು ಅಧಿಕಾರದೊಳಗೆ ಹೊಕ್ಕೊಡನೆ ನೂರು ಭಯಗಳಿಂದ ಮಸುಕಾಗುತ್ತದೆ. ಆ ಮಸುಕನ್ನು ಕಳೆದುದು ಜನರ ತಪಸ್ಸು. 1953ರಲ್ಲಿ ಅದರಗುಂಚಿಯ ಶಂಕರಗೌಡರು ಉಪವಾಸ ಕುಳಿತರು, ಹುಬ್ಬಳ್ಳಿಯಲ್ಲಿ ಜನಕ್ಷೋಭೆಯೆದ್ದಿತು. ಅದೇ ವರುಷದ ಕೊನೆಗೆ ಫಜಲ್ ಅಲಿಯವರ ಆಯೋಗವು ನೇಮಕವಾಯಿತು.

ಇನ್ನು ನಮ್ಮೊಳಗಿನ ಹಿಂಜರಿಕೆಯನ್ನೂ ಮರೆಮಾಚಬಾರದು. ಮೈಸೂರು ಸಂಸ್ಥಾನದಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆಯಿತ್ತು, 1902ರಿಂದ ಶಿವನಸಮುದ್ರದ ವಿದ್ಯುಚ್ಛಕ್ತಿಯಿತ್ತು, 1916ರಿಂದ ವಿಶ್ವವಿದ್ಯಾಲಯವಿತ್ತು. ಮುಂಬಯಿ ಮತ್ತು ಹೈದರಾಬಾದುಗಳ ಅಂಚಿನಲ್ಲಿ ಬಡಕಲಾಗಿದ್ದ ಜಿಲ್ಹೆಗಳು ಬಂದು ಕೂಡಿದರೆ ತಮ್ಮ ಗಂಟು ಕರಗೀತೆಂದು ಅಲ್ಲಿಯ ಅನೇಕರು ಅಂಜಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮವರ ಈ ಅಂಜಿಕೆಗೆ ಎದುರು ನಿಂತು ಏಕೀಕರಣದ ಪಕ್ಷವನ್ನು ವಹಿಸಿದುದು ಅವರ ಹಿರಿಮೆ. ಕೊನೆಗೆ 1956ನೆಯ ನವೆಂಬರ 1ರಂದು ಮುಂಬಯಿ, ಹೈದರಾಬಾದು, ಮದ್ರಾಸುಗಳ ಕನ್ನಡ ಭಾಗಗಳೂ ಕೊಡಗೂ ಮೈಸೂರಿನೊಡನೆ ಕೂಡಿದುವು. ಕಾಸರಗೋಡು ಹೊರಗುಳಿದ ನೋವು ಉಳಿದೇ ಉಳಿಯಿತು. ‘ಕರ್ನಾಟಕ’ ಎಂಬ ಹೆಸರಂತೂ 1973ರವರೆಗೆ ಕಾಯಬೇಕಾಯಿತು.

ಹೀಗೆ ನಕಾಶೆಯು ಒಂದಾಯಿತು. ನಾಡು ಒಂದಾಯಿತೇ? ನಮ್ಮ ಪ್ರಶ್ನೆಯಿರುವದು ಇಲ್ಲಿಯೇ. ಮೈಸೂರಿಗೆ 1916ರಲ್ಲಿ ದೊರೆತ ವಿಶ್ವವಿದ್ಯಾಲಯವು ಮುಂಬಯಿ ಕರ್ನಾಟಕಕ್ಕೆ 1949ರಲ್ಲಿ ದೊರೆಯಿತು. ಕಲಬುರ್ಗಿಗೆ ದೊರೆತುದು 1980ರಲ್ಲಿ! ಮೊದಲಿನ ಅಂತರಕ್ಕೆ ಪರರ ಆಳಿಕೆಯು ಹೊಣೆಯೆನ್ನೋಣ. ಎರಡನೆಯದರಲ್ಲಿ ಇಪ್ಪತ್ತುನಾಲ್ಕು ವರುಷಗಳ ಹೊಣೆ ನಮ್ಮದೇ. 2002ರಲ್ಲಿ ಡಿ. ಎಂ. ನಂಜುಂಡಪ್ಪನವರ ಸಮಿತಿಯು ನಾಡಿನ ಅಂದಿನ 175 ತಾಲೂಕುಗಳನ್ನು ಅಳೆದು ನೋಡಿ, 114 ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ಹೇಳಿತು. ಆ 39ರಲ್ಲಿ 26 ಉತ್ತರದವು. ಅವುಗಳಲ್ಲಿಯೂ 21 ಕಲಬುರ್ಗಿ ವಿಭಾಗದವು. ಏಕೀಕರಣವಾಗಿ ನಾಲ್ವತ್ತಾರು ವರುಷಗಳ ಮೇಲೆ ಬಂದ ಲೆಕ್ಕವಿದು. 2012ರಲ್ಲಿ ರಾಜ್ಯಘಟನೆಯ ತಿದ್ದುಪಡಿಯಾಗಿ 371ಜೆ ಕಲಮು ಸೇರಿತು. ಹೈದರಾಬಾದ ಕರ್ನಾಟಕಕ್ಕೆ ಅಭಿವೃದ್ಧಿ ಮಂಡಲಿಯೂ, ವಿದ್ಯೆಯಲ್ಲಿ ಹಾಗೂ ನೌಕರಿಯಲ್ಲಿ ಮೀಸಲಾತಿಯೂ ದೊರೆತುವು. 2019ರಲ್ಲಿ ಆ ಭಾಗಕ್ಕೆ ‘ಕಲ್ಯಾಣ ಕರ್ನಾಟಕ’ವೆಂಬ ಹೆಸರೂ ಬಂದಿತು. ಹೆಸರಿನಿಂದ ಮನಸ್ಸಿಗೆ ಸಂತೋಷವಾದುದು ನಿಜ. ಆದರೆ ಹೆಸರಿನಿಂದ ಬಾವಿಗೆ ನೀರು ಬರುವದಿಲ್ಲ.

ಕಾಯಿದೆಯಿದ್ದೂ ಧ್ಯೇಯವು ನಡೆಯಲ್ಲಿ ಕುಂಟುವದೇಕೆ? ಕಾಯಿದೆಯು ಹಣವನ್ನು ಗೊತ್ತುಪಡಿಸಬಹುದು. ಅದನ್ನು ವೇಳೆಗೆ ಸರಿಯಾಗಿ ವೆಚ್ಚಮಾಡಿ ಕೆರೆ, ಶಾಲೆ, ದವಾಖಾನೆಗಳನ್ನಾಗಿ ಮಾಡಬೇಕಾದವನು ಮನುಷ್ಯ. ಕಾಯಿದೆಯು ಹುದ್ದೆಯನ್ನು ಮಂಜೂರು ಮಾಡಬಹುದು. ಆ ಕುರ್ಚಿಯ ಮೇಲೆ ಬಂದು ಕುಳಿತುಕೊಳ್ಳಬೇಕಾದವನೂ ಮನುಷ್ಯನೇ. ನೌಕರವರ್ಗದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಮಾತನ್ನು ವಾಚಕರು ಕೇಳಿರಬಹುದು: ಬೀದರಕ್ಕೋ ರಾಯಚೂರಿಗೋ ಕಳಿಸಿದರೆ ಅದು ‘ಶಿಕ್ಷೆಯ ವರ್ಗಾವಣೆ’ಯಂತೆ! ಈ ಮಾತನ್ನು ಕೇಳಿದಾಗಲೆಲ್ಲ ನಮಗೆ ನಾಚಿಕೆಯಾಗುತ್ತದೆ. ನಮ್ಮದೇ ನಾಡಿನ ಒಂದು ಭಾಗದಲ್ಲಿ ನಮ್ಮದೇ ಜನರ ಸೇವೆಯನ್ನು ಮಾಡುವದು ಶಿಕ್ಷೆಯಾದರೆ, ಹಿರಿಯರು ಕೂಡಿಸಿದ್ದು ಏನನ್ನು? ಎಳೆಯ ಮಾಸ್ತರನೊಬ್ಬನು ದೇವದುರ್ಗದ ಶಾಲೆಗೆ ಹೋದ ದಿನದಿಂದಲೇ ಹಿಂತಿರುಗುವ ಅರ್ಜಿಯನ್ನು ಬರೆಯತೊಡಗಿದರೆ, ಏಕೀಕರಣವು ಆ ಶಾಲೆಯ ಬಾಗಿಲಲ್ಲಿಯೇ ನಿಂತುಬಿಟ್ಟಿತೆಂದು ತಿಳಿಯಬೇಕು.

ಈ ನೋವಿನಿಂದಲೇ ಆಗಾಗ ಪ್ರತ್ಯೇಕ ರಾಜ್ಯದ ಕೂಗು ಏಳುವದುಂಟು. ಕೂಗುವವರನ್ನು ನಾಡದ್ರೋಹಿಗಳೆಂದು ಬಯ್ಯುವದರಿಂದ ಪ್ರಯೋಜನವಿಲ್ಲ. ಅವರ ದುಃಖವು ಸುಳ್ಳಲ್ಲ. ಅವರು ಹೇಳುವ ಔಷಧವು ಮಾತ್ರ ಸರಿಯಲ್ಲ. ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 13 ದಕ್ಷಿಣದವೆಂಬುದನ್ನು ಮರೆಯಲಾಗದು. ರೋಗವು ದಿಕ್ಕಿನದಲ್ಲ, ಇದ್ದವರು ಇಲ್ಲದವರನ್ನು ಮರೆಯುವ ರೋಗವದು. ಗಡಿಯೊಂದನ್ನು ಹೊಸದಾಗಿ ಎಳೆದರೆ ಈ ಮರೆವು ಗಡಿಯ ಎರಡೂ ಬದಿಗೆ ಉಳಿಯುವದೇ ಹೊರತು ಅಳಿಯುವದಿಲ್ಲ. ಅತ್ತ, ಐಕ್ಯದ ಭಕ್ತರೆನಿಸಿಕೊಂಡವರೂ 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣಸೌಧವನ್ನು ತೆರೆದ ಮಾತ್ರಕ್ಕೆ ತಮ್ಮ ಋಣವು ತೀರಿತೆಂದು ಬಗೆಯಬಾರದು. ಚಳಿಗಾಲದ ಕೆಲವು ದಿನಗಳ ಅಧಿವೇಶನವು ಗೌರವದ ಗುರುತಾದೀತು, ಆಳಿಕೆಯಾಗಲಾರದು.

ಹಾಗಾದರೆ ಮಾಡತಕ್ಕುದೇನು? ದೊಡ್ಡ ಮಾತುಗಳನ್ನು ಬಿಟ್ಟು ಸಣ್ಣ ಕೆಲಸಗಳನ್ನು ಹಿಡಿಯತಕ್ಕುದು. ಪ್ರತಿ ವರುಷ ನವೆಂಬರ 1ರಂದು ಧ್ವಜವನ್ನೇರಿಸಿ ಭಾಷಣ ಮಾಡುವ ಮಹನೀಯರು, ಆ ಭಾಷಣದ ಮೊದಲು ತಮ್ಮ ತಾಲೂಕಿನ ಲೆಕ್ಕವನ್ನು ಓದಲಿ: ಗೊತ್ತುಪಡಿಸಿದ ಹಣವೆಷ್ಟು, ವೆಚ್ಚವಾದುದೆಷ್ಟು, ಮಂಜೂರಾದ ಶಿಕ್ಷಕರೆಷ್ಟು, ಶಾಲೆಗೆ ಬಂದವರೆಷ್ಟು. ಊರಿನ ಸುಶಿಕ್ಷಿತರು ಈ ನಾಲ್ಕು ಅಂಕಿಗಳನ್ನು ಕೇಳಿ ಪಡೆಯುವ ಹಟವನ್ನು ತೊಡಲಿ. ಬೆಂಗಳೂರು, ಮೈಸೂರುಗಳ ಬಂಧುಗಳು ಉತ್ತರಕ್ಕೆ ಹೋಗುವ ಹಣವನ್ನು ದಾನವೆಂದೆಣಿಸದೆ, 1956ರಲ್ಲಿ ಒಪ್ಪಿಕೊಂಡ ಪಾಲೆಂದು ತಿಳಿಯಲಿ. ಉತ್ತರದ ಮುಂದಾಳುಗಳು ಹಿಂದುಳಿದಿರುವಿಕೆಯನ್ನು ಮತಯಾಚನೆಯ ಬಂಡವಾಳವನ್ನಾಗಿ ಮಾಡಿಕೊಳ್ಳದೆ, ಬಂದ ಹಣಕ್ಕೆ ಮೊದಲು ತಾವೇ ಉತ್ತರ ಕೊಡಲಿ.

ಉಪಾಧ್ಯಾಯ ಬಂಧುಗಳಿಗೆ ನಮ್ಮ ವಿಶೇಷ ಬಿನ್ನಹ. ಗಡಿಗಳನ್ನು ಆಯೋಗಗಳು ಬರೆದುವು. ಆದರೆ ನಾಡನ್ನು ಕಟ್ಟುವ ಕೆಲಸವು ನಿಮ್ಮ ತರಗತಿಯಲ್ಲಿ ನಡೆಯತಕ್ಕುದು. ದೂರದ ತಾಲೂಕಿಗೆ ಕರೆ ಬಂದಾಗ ನಿಮ್ಮಲ್ಲಿ ಹತ್ತು ಜನರಾದರೂ ಅದನ್ನು ಶಿಕ್ಷೆಯೆನ್ನದೆ, ನಗುತ್ತ ಹೊರಟು ಅಲ್ಲಿ ನಾಲ್ಕು ವರುಷ ನೆಲೆನಿಂತರೆ, ಹತ್ತು ನಿರ್ಣಯಗಳಿಂದ ಆಗದ ಐಕ್ಯವು ಅದರಿಂದ ಆದೀತು. ಹಿರಿಯರು ನಾಡನ್ನು ಕೂಡಿಸಿ ಕೊಟ್ಟರು. ಅದನ್ನು ಹಂಚಿಕೊಂಡು ಬಾಳುವ ಕೆಲಸವನ್ನು ನಮಗೆ ಬಿಟ್ಟಿದ್ದಾರೆ. ಆ ಕೆಲಸವು ಇನ್ನೂ ಮುಗಿದಿಲ್ಲ.