ಚಪ್ಪಲಿ ಉಳೀಲಿ, ಜಾತಿ ಸಾಯಲಿ

ಹಾಸ್ಟೆಲಿನ ಗೆಳೆಯರೇ,

'ಕುಲಕಸುಬು ಉಳಿಸಿ' ಅಂತ ಭಾಷಣ ಬಿಗಿಯೋರನ್ನ ಒಂದು ಮಾತು ಕೇಳೋಣ. ಯಾರ ಕುಲ? ಯಾರ ಕಸುಬು? ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಹಟ್ಟಿಗಳಲ್ಲಿ ನಮ್ಮ ಅಜ್ಜಂದಿರು ತಂಗಡಿ ಚಕ್ಕೆಯಲ್ಲಿ ತೊಗಲು ಹದ ಮಾಡಿದರು. ಗೌಡನ ನೊಗಕ್ಕೆ ಮಿಣಿ, ಕಾಲಿಗೆ ಮೆಟ್ಟು ಕೊಟ್ಟರು. ಸಿಕ್ಕಿದ್ದೇನು? ಸುಗ್ಗೀಲಿ ಒಂದು ಮೊರ ರಾಗಿ, ವರ್ಷವಿಡೀ ಬೈಗುಳ. ಮೆಟ್ಟು ಹೊಲಿದವರೇ ಆ ಬೀದೀಲಿ ಮೆಟ್ಟು ಕೈಲಿ ಹಿಡಿದು ನಡೆದರು.

2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಕೊಲ್ಲಾಪುರಿ ಚಪ್ಪಲಿಯಂಥದ್ದನ್ನೇ ಮಿಲಾನಿನಲ್ಲಿ ಮೆರೆಸಿತು. ಹೊಲಿಯುವವರ ಹೆಸರೆತ್ತಲಿಲ್ಲ. ಕೂಗೆದ್ದ ಮೇಲೆ ಒಪ್ಪಿಕೊಂಡಿತು. ಊರಗೌಡನಿಗೂ ಪ್ರಾಡಾಗೂ ಏನು ವ್ಯತ್ಯಾಸ?

ಪ್ಯಾಲೆಸ್ತೀನಿನ ಹೆಂಗಸರ ಕಸೂತಿ 2021ರಲ್ಲಿ ಯುನೆಸ್ಕೋ ಪಟ್ಟಿಗೇರಿತು. ನೆಲ ಕಳಕೊಂಡವರು ತಮ್ಮ ಹಳ್ಳಿಯ ಗುರುತನ್ನು ದಾರದಲ್ಲಿ ಕಾಪಾಡಿಕೊಂಡರು. ಅವರ ಜೊತೆ ನಾವಿದ್ದೇವೆ. ಆದರೆ ಅವರ ಸೂಜಿ ಅಭಿಮಾನದ್ದು. ನಮ್ಮ ಉಳಿಗೆ ಅವಮಾನ ಅಂಟಿಸಿದ್ದು ಜಾತಿ.

ಅದಕ್ಕೇ ಹೇಳ್ತೀವಿ: ಕಲೆ ಉಳೀಲಿ. ಬೆಲೆಯನ್ನ ಹೊಲಿದವನೇ ಕಟ್ಟಲಿ. ಕಲಿಯೋ ಮನಸ್ಸಿದ್ದರೆ ಯಾವ ಜಾತಿಯವನಾದರೂ ಉಳಿ ಹಿಡೀಲಿ, ಮೇಲ್ಜಾತಿಯವನೂ ತೊಗಲಿನ ವಾಸನೆ ಕುಡೀಲಿ. ನಮ್ಮ ಮಕ್ಕಳು ಪುಸ್ತಕ ಹಿಡಿದರೆ 'ಕಸುಬು ಸತ್ತಿತು' ಅಂತ ಅಳಬೇಡಿ. ಹಂಗಿನ ಕಸುಬು ಸಾಯಲೇಬೇಕು. ಹಕ್ಕಿನ ಕಸುಬು ಹುಟ್ಟಬೇಕು.

ಜೈ ಭೀಮ್!