ನಿಜವಾದ ಪೌರುಷವಾವುದು?

ಹೆಣ್ಣುಮಕ್ಕಳ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಗಂಡಸರ ವಿಷಯವೇಕೆಂದು ಕೆಲವರು ಕೇಳಬಹುದು. ನಮ್ಮಲ್ಲಿ ಓದಿ ಹೋದವರು ಅನೇಕರು ಇಂದು ಗಂಡುಮಕ್ಕಳ ತಾಯಂದಿರಾಗಿದ್ದಾರೆ. ಇಲ್ಲಿಗೆ ಮಗಳನ್ನು ಕಳುಹಿಸುವ ತಂದೆತಾಯಿಗಳ ಮನೆಗಳಲ್ಲಿ ಗಂಡುಮಕ್ಕಳೂ ಉಂಟು. ಆದಕಾರಣ ಈ ವಿಷಯವು ನಮ್ಮದೇ ಎಂದು ನಾವು ಭಾವಿಸುತ್ತೇವೆ.

ಪೌರುಷವೆಂದರೆ ಮೀಸೆ ತಿರುವುವುದು, ಗದರಿ ಮಾತನಾಡುವುದು, ಮನೆಯವರನ್ನು ಅಂಕೆಯಲ್ಲಿಡುವುದು ಎಂಬ ಭಾವನೆಯು ನಮ್ಮ ಜನರಲ್ಲಿ ಇನ್ನೂ ಬೇರೂರಿದೆ. ಪೌರುಷವು ಒಳ್ಳೆಯ ಗುಣವೇ ಸರಿ; ಅದನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಬಲವು ಯಾವ ಕಾರ್ಯಕ್ಕೆ ವಿನಿಯೋಗವಾಗುವುದೋ ಅದರಂತೆಯೇ ಅದರ ಬೆಲೆಯು.

ಪುಣೆಯ ಜ್ಯೋತಿರಾವ್ ಫುಲೆಯವರನ್ನು ನೆನೆಯೋಣ. ಸ್ಕಾಟಿಷ್ ಮಿಷನ್ ಶಾಲೆಯಲ್ಲಿ ಓದಿದ ಈ ತರುಣರು ಪತ್ನಿ ಸಾವಿತ್ರೀಬಾಯಿಯವರಿಗೆ ತಾವೇ ಅಕ್ಷರ ಕಲಿಸಿ, 1848ರಲ್ಲಿ ಹುಡುಗಿಯರ ಶಾಲೆಯನ್ನು ತೆರೆದರು. ಸಾವಿತ್ರೀಬಾಯಿಯವರು ಅಲ್ಲಿ ಉಪಾಧ್ಯಾಯಿನಿಯಾದರು. ಜನರ ವಿರೋಧದಿಂದಾಗಿ ದಂಪತಿಗಳು ತಂದೆಯ ಮನೆಯನ್ನೇ ಬಿಡಬೇಕಾಯಿತು. ಆದರೂ ಕಾರ್ಯವನ್ನು ಬಿಡಲಿಲ್ಲ. ಹೆಂಡತಿಯ ವಿದ್ಯೆಯಿಂದ ತನ್ನ ಮರ್ಯಾದೆ ಕುಗ್ಗೀತೆಂದು ಅಂಜದವನನ್ನೇ ನಾವು ಧೀರನೆನ್ನುತ್ತೇವೆ.

ಇಂದಿನ ಸ್ಥಿತಿಯೇನು? 2019ರಲ್ಲಿ ಭಾರತ ಸರಕಾರವು ನಡೆಸಿದ ಕಾಲ ವಿನಿಯೋಗ ಸಮೀಕ್ಷೆಯ ಪ್ರಕಾರ, ಆರು ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ನೂರಕ್ಕೆ 81 ಮಂದಿ ಸಂಬಳವಿಲ್ಲದ ಮನೆಗೆಲಸವನ್ನು ಮಾಡುತ್ತಿದ್ದರೆ, ಗಂಡಸರಲ್ಲಿ 26 ಮಂದಿ ಮಾತ್ರ ಮಾಡುತ್ತಿದ್ದರು. ಮಾಡುವವರಲ್ಲಿಯೂ ಹೆಂಗಸರಿಗೆ ದಿನಕ್ಕೆ 299 ನಿಮಿಷಗಳು, ಗಂಡಸರಿಗೆ 97 ನಿಮಿಷಗಳು. ಪದವಿ ಪಡೆದು ಉದ್ಯೋಗಕ್ಕೆ ಸೇರಿದ ನಮ್ಮ ಹುಡುಗಿಯರು ಮದುವೆಯಾದ ಬಳಿಕ ಕೆಲಸ ಬಿಟ್ಟರೆಂದು ಆಗಾಗ ಕೇಳುತ್ತೇವೆ. ಅವರಿಗೆ ಬುದ್ಧಿ ಸಾಲದೆ ಹೋಗಲಿಲ್ಲ. ಅಡಿಗೆಮನೆಯಲ್ಲಿ ಇನ್ನೊಂದು ಜೊತೆ ಕೈಗಳು ಸಾಲದೆ ಹೋದವು.

ಈ ಸುಳ್ಳು ಪೌರುಷದಿಂದ ಗಂಡಸರಿಗೂ ಕೇಡುಂಟು. ದುಃಖವನ್ನು ಹೇಳಿಕೊಳ್ಳುವುದು ಹೇಡಿತನವೆಂದು ಬಾಲ್ಯದಿಂದಲೇ ಕಲಿತ ಹುಡುಗನು ಕಷ್ಟ ಬಂದಾಗ ಯಾರ ಬಳಿಗೆ ಹೋದಾನು? 2021ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರಲ್ಲಿ ಹತ್ತಕ್ಕೆ ಏಳು ಮಂದಿಗಿಂತಲೂ ಹೆಚ್ಚು ಪುರುಷರೇ ಎಂದು ಸರಕಾರದ ದಾಖಲೆಗಳು ತಿಳಿಸುತ್ತವೆ. ಇದಕ್ಕೆ ಕಾರಣಗಳು ಹಲವಿದ್ದರೂ, ಬಾಯಿ ಬಿಟ್ಟು ಹೇಳಲಾರದ ಸಂಕಟವೂ ಅವುಗಳಲ್ಲಿ ಒಂದೆಂದು ನಾವು ನಂಬುತ್ತೇವೆ.

ಆದುದರಿಂದ ತಾಯಂದಿರಲ್ಲಿ ನಮ್ಮ ವಿಜ್ಞಾಪನೆ: ಮಗನು ಉಂಡ ತಟ್ಟೆಯನ್ನು ಮಗಳಿಂದ ತೊಳೆಯಿಸಬೇಡಿರಿ, ಅನ್ನ ಮಾಡಲು, ಬಟ್ಟೆ ಒಗೆಯಲು, ರೋಗಿಯ ಬಳಿ ಕುಳಿತಿರಲು ಅವನಿಗೂ ಕಲಿಸಿರಿ. ಹೆಣ್ಣಿನಂತೆ ಅಳಬೇಡವೆಂದು ಹೇಳದಿರಿ. ತಂದೆಗಳಲ್ಲಿ ನಮ್ಮ ವಿಜ್ಞಾಪನೆ: ಮಗನ ಎದುರಿನಲ್ಲಿ ಅವನ ತಾಯಿಯೊಡನೆ ಮರ್ಯಾದೆಯಿಂದ ಮಾತನಾಡಿರಿ, ಅದಕ್ಕಿಂತ ದೊಡ್ಡ ಪಾಠವನ್ನು ಯಾವ ಶಾಲೆಯೂ ಕಲಿಸಲಾರದು. ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು 1961ರಲ್ಲಿಯೇ ಬಂದಿದೆ. ಆದರೆ ಹಿರಿಯರ ಮುಂದೆ ನಿಂತು ತನಗದು ಬೇಡವೆಂದು ಹೇಳುವ ಎದೆಗಾರಿಕೆಯು ವರನಲ್ಲಿಯೇ ಹುಟ್ಟಬೇಕು.

ನಮ್ಮ ಹುಡುಗಿಯರಿಗೆ ಧೈರ್ಯವನ್ನು ಕಲಿಸುವ ಕೆಲಸವನ್ನು ನಾವು ಮಾಡುತ್ತಿದ್ದೇವೆ. ಅವರೊಡನೆ ಸಮನಾಗಿ ಬಾಳಬಲ್ಲ ಹುಡುಗರನ್ನು ಬೆಳೆಯಿಸುವ ಕೆಲಸವು ನಿಮ್ಮ ಮನೆಗಳಲ್ಲಿ ಆಗಬೇಕಾಗಿದೆ.